ಹುಲಿಗ್ಯಾ ಎರಡೆರಡು ಡಿಸ್ಕ್ ಮಾಡಿದ್ದು

"ಹುಲಿಗ್ಯಾಗ ಬೈಬ್ಯಾಡ್ರಿ. ಅವ ಹೇಳಿದ್ದನ್ನ ಮಾಡ್ತಾನ."

ನನ್ನ ಹೆಂಡತಿ ತುಳಸವ್ವ ನನಗೆ ಕಡೆಗೆ ಹೇಳಿದ ಮಾತು ಇದು. ಇಪ್ಪತ್ತೆರಡು ವರ್ಷ ಮಗನಿಗೆ ಬೈದಾಕೆ ಅವಳೇ. ಯಾಕೆ ಬೈತಿದ್ದಳು, ಕೇಳ್ರಿ.

ನಮ್ಮ ಪಡಸಾಲೆಯ ಗೋಡೆಗೆಲ್ಲ ತತ್ತಿ ಟ್ರೇ ಬಡಿದು ರೆಕಾರ್ಡಿಂಗ್ ಕೋಣೆ ಮಾಡಿದ್ದೆವು. ಸೋಬಾನೆ ಪದ ಹಾಡುವಾಕೆ ತುಳಸವ್ವ. ಕಂಪ್ಯೂಟರು ನಡೆಸುವಾಕೆಯೂ ಅವಳೇ. ನಾನು ಬರೀ ಹಾರ್ಮೋನಿಯಂ. ಅವಳ ದನಿ ಬೇರೆ, ನನ್ನ ಪೆಟ್ಟಿಗೆ ಬೇರೆ, ಎಲ್ಲ ಬೇರೆ ಬೇರೆ ತುಂಬಿ ಇಡುತ್ತಿದ್ದಳು. ಕಂಪ್ಯೂಟರು ಹಳೇದು. ಯಾವಾಗ ಕೈಕೊಡುತ್ತದೋ ಅಂತ ಎಲ್ಲ ಡಿಸ್ಕಿಗೆ ಹಾಕಿಡಬೇಕು. ಆ ಕೆಲಸ ಮಗ ಹುಲಿಗೆಪ್ಪನದು.

"ಡಿಸ್ಕಿಗೆ ಬೆರಳು ತಾಗಿಸಬ್ಯಾಡೋ!" ಅಂದಳು ಒಂದು ದಿನ.

ತಾಗಿಸಲಿಲ್ಲ. ಒಲೆ ಮುಂದಿನ ಇಕ್ಕಳ ತಂದು ಹಿಡಿದ. ಡಿಸ್ಕೆಲ್ಲ ಗೀರು.

"ಅಯ್ಯ ನನ ಪೆದ್ದ! ಇಕ್ಕಳ ಹಾಕ್ತಾರೇನೋ? ಮೆತ್ತಗ ಅರಿವಿ ಸುತ್ತಬೇಕು!"

"ಆತು ಬೇ."

ಮರುದಿನ ಡಿಸ್ಕು ಕಂಪ್ಯೂಟರಿನೊಳಗೆ ತಿರುಗುತ್ತಿತ್ತು. ಕೌದಿ ತಂದು ಕಂಪ್ಯೂಟರಿಗೇ ಸುತ್ತಿದ. ಅದು ಕಾದು ಕಾದು ನಿಂತೇಬಿಟ್ಟಿತು.

"ಅಯ್ಯ ನನ ಪೆದ್ದ! ಬಿಸಿ ಆದ್ರ ಗಾಳಿ ಹಾಕಬೇಕು!"

"ಆತು ಬೇ."

ಮೂರನೇ ದಿನ ತುಳಸವ್ವ ಮೈಕಿನ ಮುಂದೆ ಹಾಡುತ್ತಿದ್ದಳು. ಹಣೆಯ ಮೇಲೆ ಬೆವರು. ಹುಲಿಗ್ಯಾ ಫ್ಯಾನು ಹಚ್ಚಿದ. ಪದದ ತುಂಬ ಫ್ಯಾನು, ಗರಗರ ಗರಗರ.

"ಅಯ್ಯ ನನ ಪೆದ್ದ! ಹಾಡು ನಡದಾಗ ಎಲ್ಲಾ ಬಂದ್ ಮಾಡಬೇಕು!"

"ಆತು ಬೇ."

ಮತ್ತೆ ಹಾಡಿದಳು. ಸಂಜೆ ಅದು ಡಿಸ್ಕಿಗೆ ತುಂಬುತ್ತಿತ್ತು. ಪಕ್ಕದ ಮನೆ ಟಿವಿಯಲ್ಲಿ ಯಾವುದೋ ಹಾಡು ಬಂತು. ಹುಲಿಗ್ಯಾ ಓಡಿಹೋಗಿ ಮೇನ್ ಸ್ವಿಚ್ಚೇ ತೆಗೆದ. ಡಿಸ್ಕು ಹಾಳು.

ತುಳಸವ್ವ ಹಣೆ ಬಡಿದುಕೊಂಡಳು. "ನಿನ್ನ ಕಟಗೊಂಡು ಹೆಂಗ ಬಾಳೇ ಮಾಡ್ಲೋ! ದಿನಾ ಎರಡೆರಡು ಡಿಸ್ಕ್ ಮಾಡು. ಒಂದು ಇಲ್ಲಿರಲಿ, ಒಂದು ಬ್ಯಾರೆ ಮನ್ಯಾಗ ಇಡು. ಒಂದು ಕೆಟ್ಟರ ಇನ್ನೊಂದು ಇರ್ತೈತಿ."

"ಆತು ಬೇ."

ಆಮೇಲೆ ಅವಳು ಹಾಸಿಗೆ ಹಿಡಿದಳು. ಹಾಡು ನಿಂತಿತು. ನಲವತ್ತು ದಿನಕ್ಕೆ ಹೋದಳು.

ಹತ್ತನೇ ದಿನ ಮನೆ ತೊಳೆಯಬೇಕಲ್ಲ. ನಾನೇ ಹೇಳಿದೆ, "ಹುಲಿಗ್ಯಾ, ಅವ್ವ ಮುಟ್ಟಿದ್ದೆಲ್ಲಾ ಬೂದಿ ಹಚ್ಚಿ ತಿಕ್ಕಿ ತೊಳಿ."

ತೊಳೆದ. ತಂಬಿಗೆ ತೊಳೆದ, ಗಂಗಾಳ ತೊಳೆದ. ಇದ್ದ ಡಿಸ್ಕು ಅಷ್ಟೂ ಬೂದಿ ಹಚ್ಚಿ ತಿಕ್ಕಿದ. ಕಂಪ್ಯೂಟರಿನ ಮೇಲೆ ಎರಡು ಕೊಡ ನೀರು ಸುರಿದ. ಅಂಗಳದಲ್ಲಿ ಸಾಲಾಗಿ ಒಣಗಲು ಇಟ್ಟ.

ಅವಳ ದನಿಯೂ ಹೋಯಿತು. ಬೈಯಲು ಬಾಯಿ ತೆರೆದೆ. ಅವಳ ಮಾತು ನೆನಪಾಯಿತು. ಮುಚ್ಚಿದೆ.

"ಇನ್ನೊಂದು ಎಲ್ಲೈತಿ ಮಗಾ?"

"ಬ್ಯಾರೆ ಮನ್ಯಾಗ."

"ಯಾರ ಮನ್ಯಾಗ?"

"ಎಲ್ಲಾರ ಮನ್ಯಾಗ. ದಿನಾ ಅಂದಿದ್ದಳಲ್ಲ ಅವ್ವ."

ಅವಳು ಮಲಗಿದ ನಲವತ್ತು ದಿನವೂ ಅದೇ ಕಡೇ ಪದ ಡಿಸ್ಕಿಗೆ ಹಾಕಿದ್ದ! ದಿನಕ್ಕೊಂದು ಮನೆಗೆ ಕೊಟ್ಟಿದ್ದ! ನಮ್ಮ ಓಣಿ ಮುಗಿದು ಪಕ್ಕದ ಓಣಿ ಹಿಡಿದಿದ್ದ!

ಝೆರಾಕ್ಸ್ ಅಂಗಡಿ ಯಮನಕ್ಕನ ಹತ್ತಿರ ಓಡಿದೆವು.

"ಐತಿ ಕಾಕಾ. 'ಅವ್ವನ್ನ ಇಟಗೋ' ಅಂತ ಕೊಟ್ಟ. ಹೆಂಗ ಒಗೀಲಿ?" ಅಂದಳು. ತನ್ನ ಕಂಪ್ಯೂಟರಿಗೆ ಹಾಕಿದಳು.

ತುಳಸವ್ವ ಹಾಡಿದಳು. ಪೂರಾ ಹಾಡಿದಳು. ಒಮ್ಮೆ ಕೆಮ್ಮಿ ಅಂದಳು, "ಸಾಕು, ಬಂದ್ ಮಾಡೋ ಪೆದ್ದ."

"ಆತು ಬೇ" ಅಂದ ಹುಲಿಗ್ಯಾ. ಅಂಗಡಿಯ ಮೇನ್ ಸ್ವಿಚ್ ತೆಗೆದ.

"ಏ ಹುಲಿಗ್ಯಾ!" ಅಂತ ಯಮನಕ್ಕ ಚೀರಿದಳು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂದಂಗಾಗಿತ್ತು. ನಗುತ್ತಿದ್ದೆ.

ಡಿಸ್ಕು ಮನೆಗೆ ತಂದೆವು. "ಅವ್ವನ್ನ ನೋಡಿಕೊಂಡಂಗ ಇದನ್ನ ನೋಡ್ಕೋ" ಅಂದೆ.

"ಆತಪಾ."

ಮರುದಿನ ಬೆಳಿಗ್ಗೆ ಎದ್ದು ನೋಡಿದೆ. ತುಳಸವ್ವನ ಹಾಸಿಗೆ ಹಾಸಿದ್ದ. ದಿಂಬಿನ ಮೇಲೆ ಡಿಸ್ಕು. ಅರ್ಧದ ತನಕ ಕೌದಿ ಹೊದಿಸಿದ್ದ. ಪಕ್ಕದಲ್ಲಿ ಒಂದು ಕಪ್ಪು ಚಹಾ ಇಟ್ಟು, ಅವಳು ಏಳಲಿ ಅಂತ ಕಾಯುತ್ತ ಕೂತಿದ್ದ.

ಬೈಯಲಿಲ್ಲ. ಅವನ ಪಕ್ಕ ಕೂತೆ. ಚಹಾ ಆರುತ್ತಿತ್ತು, ತಗೊಂಡು ಕುಡಿದೆ. ಸಕ್ಕರೆ ಹಾಕಿರಲಿಲ್ಲ. ಅವಳಿಗೆ ಸಕ್ಕರೆ ಬೇಡ ಅಂದಿದ್ದರು ಡಾಕ್ಟರು.