ಗಿಡಿಯನ್ ದೊರೆಗೆ ಗೊತ್ತಿಲ್ಲದ ಒಂದು ವಿಷಯ

“ಕೇಳ್ರಪ್ಪೋ ಕೇಳಿ! ಗಿಡಿಯನ್ ದೊರೆಗಳ ಮೂರು ಒಗಟು ಬಿಡಿಸಿದವನಿಗೆ ಮಗಳು ಟಬಿತಾ, ಜೊತೆಗೆ ಆಡಳಿತ ಸಭೆಯಲ್ಲಿ ಕುರ್ಚಿ. ತಪ್ಪಿದವನಿಗೆ ನೇಣು!”

ಅಮೆರಿಕ ಇನ್ನೂ ಕಡಲಾಚೆಯ ರಾಜನ ಕೈಕೆಳಗಿದ್ದ ಕಾಲ. ಈ ಗಿಡಿಯನ್ ಹುಟ್ಟು ದೊರೆಯೇನಲ್ಲ. ಉಪ್ಪುಮೀನು ಮಾರಿ, ಹಡಗು ಕಟ್ಟಿಸಿ, ಬಂದರಿಗೆ ಗವರ್ನರ್ ಆದವನು. ರೇಷ್ಮೆ ಕೋಟು ತೊಟ್ಟರೂ ಮೀನಿನ ವಾಸನೆ ಹೋಗಿಲ್ಲ ಅಂತ ಹೆಂಗಸರ ಮಾತು.

ಪೀಪಾಯಿ ಮಾಡುವ ಆಮೋಸ್ ಡಂಗುರ ಕೇಳಿ ಉಳಿ ಕೆಳಗಿಟ್ಟ. ಟಬಿತಾ ಇನ್ನೊಬ್ಬನ ಪಾಲಾದ ಮೇಲೆ ಕುತ್ತಿಗೆ ಇದ್ದೂ ಏನು ಬಂತು ಅನ್ನಿಸಿ, ಮೈಮೇಲಿನ ಮರದ ಹೊಟ್ಟು ಕೊಡವಿ ಸಭೆಗೆ ನಡೆದ.

ಊರಿಗೆ ಊರೇ ನೆರೆದಿತ್ತು. ದೊರೆ ಕೇಳಿದ: “ಹೊಟ್ಟೆ ಬರಿದಾದರೆ ಮಗುಚಿಕೊಳ್ಳುತ್ತೆ, ಕಲ್ಲು ತಿಂದರೆ ನೆಟ್ಟಗೆ ನಡೆಯುತ್ತೆ. ಏನದು?”

“ಕೋಳಿ!” ಎಂದ ಜಮೀನ್ದಾರನ ಮಗ ಲೂಸಿಯಸ್. ಭಟರು ಅವನ ತೋಳು ಹಿಡಿದರು.

“ಹಡಗು,” ಎಂದರು ವಕೀಲ ಫಿನಿಯಾಸನೂ ಆಮೋಸನೂ ಒಟ್ಟಿಗೆ.

“ಒಣಗಿದರೆ ಸೋರುತ್ತೆ, ನೆನೆದರೆ ಸೋರೋದು ನಿಲ್ಲುತ್ತೆ. ಏನದು?”

ವಕೀಲ ಗಂಟಲು ಸರಿಮಾಡಿಕೊಂಡ. “ಕುಡುಕನ ಬಾಯಿ, ದೊರೆಗಳೇ.”

“ನೆನೆದಷ್ಟೂ ಸೋರೋ ಬಾಯಲ್ಲವೇನಯ್ಯಾ ಅದು! ಹಿಡೀರಿ ಇವನನ್ನ.”

“ಪೀಪಾಯಿ,” ಎಂದ ಆಮೋಸ್. “ಒಣಗಿದರೆ ಹಲಗೆ ಬಿಟ್ಟುಕೊಳ್ಳುತ್ತೆ, ನೀರು ಕುಡಿದರೆ ಹಿಗ್ಗಿ ಸಂದು ಮುಚ್ಚುತ್ತೆ. ಹಡಗೂ ಅಷ್ಟೇ, ಸರಕಿಲ್ಲದಾಗ ತಳಕ್ಕೆ ಕಲ್ಲು ತುಂಬದಿದ್ದರೆ ಗಾಳಿಗೆ ಮಗುಚುತ್ತೆ.”

ಗಿಡಿಯನ್ ಮುಂದಕ್ಕೆ ಬಾಗಿದ. “ಇನ್ನೊಂದು. ಊರಿಗೆಲ್ಲ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ನನ್ನ ಗಾಡಿ ಬಂದರೆ ಬಾವಿಕಟ್ಟೆಯ ನಗು ಗಪ್ಪಂತ ನಿಲ್ಲುತ್ತೆ. ಏನದು?”

ಕಿಲಾಡಿ ವ್ಯಾಪಾರಿ! ಉತ್ತರ ತಿಳಿದುಕೊಳ್ಳೋಕೇ ಹಾಕಿದ ಒಗಟು ಅದು.

ಆಮೋಸನಿಗೆ ಉತ್ತರ ಗೊತ್ತಿತ್ತು. ಸುಳ್ಳು ಹೇಳಿದರೆ ನೇಣು. ನಿಜ ಹೇಳಿದರೂ ನೇಣೇ ಇರಬಹುದು. ಕಣ್ಣು ಮುಚ್ಚಿ ಹೇಳಿಬಿಟ್ಟ:

“ನಿಮ್ಮ ಮಗಳು ವಾರಕ್ಕೆರಡು ಸಲ ನನ್ನ ಅಂಗಡಿಗೆ ಬರ್ತಾಳೆ, ದೊರೆಗಳೇ. ಪೀಪಾಯಿ ಕೊಳ್ಳೋಕಲ್ಲ.”

“ಸುಳ್ಳು!” ಎಂದು ದೊರೆ ಸುತ್ತ ನೋಡಿದ. ಒಬ್ಬರೂ ಅವನತ್ತ ನೋಡಲಿಲ್ಲ. ಪಾದ್ರಿಯಂಥ ಪಾದ್ರಿಯೂ ಚಾವಣಿ ನೋಡುತ್ತ ನಿಂತಿದ್ದ.

“ಟಬಿತಾ?”

“ವಾರಕ್ಕೆ ಮೂರು ಸಲ, ಅಪ್ಪ,” ಎಂದಳು ಅವಳು.

ಗಿಡಿಯನ್ ಕೆಂಪಾದ, ಬಿಳಿಚಿಕೊಂಡ, ಕೊನೆಗೆ ಹೊಟ್ಟೆ ಹಿಡಿದು ನಕ್ಕ. “ಕುತ್ತಿಗೆ ಹೋದರೂ ನಿಜ ಹೇಳೋನು ನನ್ನ ಸಭೆಯಲ್ಲಿ ಒಬ್ಬನೂ ಇರಲಿಲ್ಲ. ಬಾರಪ್ಪ ಅಳಿಯ, ಕೂತ್ಕೋ.”

ಮದುವೆಯ ಖುಷಿಗೆ ನೇಣು ಮಾಫ್ ಆಗಿ, ಸೋತ ಇಬ್ಬರೂ ಬಂದು ಉಂಡುಹೋದರು. ಆಮೋಸ್ ಹಡಗುಗಳ ಒಡೆಯನಾಗಿ, ಸಭೆಯ ಹಿರಿಯನಾಗಿ ಸುಖವಾಗಿ ಬಾಳಿದ. ಮದುವೆಯಾದ ಏಳನೇ ತಿಂಗಳಿಗೇ ಟಬಿತಾಗೆ ಗುಂಡುಗುಂಡಾದ ಗಂಡುಮಗು ಹುಟ್ಟಿತು.

“ಅವಸರದ ಕೂಸು,” ಎಂದಳು ಸೂಲಗಿತ್ತಿ, ಯಾರ ಮುಖವನ್ನೂ ನೋಡದೆ.