ಜೀಪಿನ ಮುಚ್ಚಳಕ್ಕೆ ಮೂರು ಮದ್ದು

"ಬುದ್ಧಿ, ಸಿಟ್ಟು ಹೊರಗೆ ಬಾರದ ಹಾಗೆ ತಡೆಯಲು ಯಾವ ವ್ರತ ಮೇಲು? ಮೌನವೋ, ಉಪವಾಸವೋ, ಜಪವೋ?"

ಕೇಳಿದವನು ಶಿಷ್ಯ ಗುರುಸಿದ್ಧ. ಹಿಂದಿನ ದಿನ ಮಠದ ಪಂಕ್ತಿಯಲ್ಲಿ ಅವನು ಬಡಿಸುತ್ತಿದ್ದಾಗ ಒಬ್ಬ ಮುದುಕಿ ಎರಡನೆಯ ಸಲ ಸಾರು ಕೇಳಿದ್ದಳು. ಇವನು ರೇಗಿದ. ಆಕೆ ಎಲೆ ಬಿಟ್ಟು ಎದ್ದು ಹೋದಳು. ಇನ್ನೊಮ್ಮೆ ಹೀಗಾದರೆ ನೀನು ಮಠ ಬಿಡಬೇಕು ಎಂದು ಗುರುಗಳು ಅವತ್ತೇ ಹೇಳಿದ್ದರು.

ಗುರುಗಳು ಹಣೆ ಒತ್ತಿಕೊಂಡರು. "ಶಿವನೇ! ಇದೇ ಪ್ರಶ್ನೆ, ನಾಲ್ಕನೆಯ ಸಲ. ಮೌನ ಹಿಡಿದೆ, ಏಳನೆಯ ದಿನ ಅಡುಗೆಯವನ ಮೇಲೆ ಸೌಟು ಎಸೆದೆ. ಉಪವಾಸ ಮಾಡಿದೆ, ಬರೀ ಹೊಟ್ಟೆಯಲ್ಲಿ ಇನ್ನಷ್ಟು ಉರಿದೆ. ಜಪ ಮಾಡುತ್ತಲೇ ನಿನ್ನೆ ಬಡಿಸಲು ಹೋದೆ. ಹೇಳಿ ಹೇಳಿ ನನ್ನ ಗಂಟಲು ಒಣಗಿತು ಮಹರಾಯ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಬ್ಬ ಜೀಪಿನವನಿದ್ದ. ಅವನ ಊರು ಹಳ್ಳದ ಆಚೆ, ಕಾಡಿನ ಅಂಚಿನಲ್ಲಿ. ಸೇತುವೆ ಇಲ್ಲ. ನೀರಿಗಿಳಿದು, ಕಲ್ಲು ಹತ್ತಿ ಈಚೆ ಬರಬಲ್ಲ ಗಾಡಿ ಅದೊಂದೇ. ಅವನ ಹೆಂಡತಿಗೆ ಮೂತ್ರಪಿಂಡ ಕೆಟ್ಟಿತ್ತು. ವಾರಕ್ಕೆ ಎರಡು ಸಲ ಪೇಟೆಯ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಜೀಪು ನಿಂತರೆ ಆಕೆಯ ಪ್ರಾಣಕ್ಕೇ ಸಂಚಕಾರ. ಇಷ್ಟು ನೆನಪಿಟ್ಟುಕೋ.

ಜೀಪಿನ ಹಿಂದಿನ ಚಕ್ರಗಳ ನಡುವೆ ಕಬ್ಬಿಣದ ಒಂದು ಹೊಟ್ಟೆ ಇರುತ್ತದೆ. ಡಿಫರೆನ್ಷಿಯಲ್ ಎನ್ನುತ್ತಾರೆ. ಒಳಗೆ ಹಲ್ಲಿನ ಚಕ್ರಗಳು, ಅವುಗಳಿಗೆ ದಪ್ಪ ಎಣ್ಣೆ. ಹಿಂದೆ ಒಂದು ಮುಚ್ಚಳ. ಆ ಮುಚ್ಚಳದ ಸಂದಿಯಿಂದ ಎಣ್ಣೆ ಸೋರತೊಡಗಿತು. ಎಣ್ಣೆ ಖಾಲಿಯಾದರೆ ಹಲ್ಲು ಸವೆದು ಗಾಡಿ ಅಲ್ಲೇ ಕೂರುತ್ತದೆ.

ಜೀಪಿನವನು ಮೆಕ್ಯಾನಿಕ್ ಹತ್ತಿರ ಹೋದ. ಎಣ್ಣೆ ಯಾಕೆ ಸೋರುತ್ತಿದೆ ಎಂದು ಕೇಳಿದನೇ? ಇಲ್ಲ! ಮುಚ್ಚಳದ ಸಂದಿ ಮುಚ್ಚಲು ನಡುವೆ ಇಡುವ ಪ್ಯಾಕಿಂಗ್ ಯಾವುದು ಒಳ್ಳೆಯದು ಎಂದು ಕೇಳಿದ. ಮೆಕ್ಯಾನಿಕ್ ಕಾಗದದ ಪ್ಯಾಕಿಂಗ್ ಕೊಟ್ಟು ಮುಚ್ಚಳ ಬಿಗಿದ. ನಾಲ್ಕು ದಿನಕ್ಕೆ ಮತ್ತೆ ಸೋರಿತು. ಎರಡನೆಯ ಸಲ ರಬ್ಬರಿನದು ಹಾಕಿಸಿದ. ಅದು ಒಂದು ವಾರ ತಡೆಯಿತು. ಊರಿನವರೆಲ್ಲ ತಜ್ಞರೇ ಆದರು. ಕಾಗದವೇ ಸರಿ ಎಂದು ಒಬ್ಬ, ಕಾಗದ ಹಾಕಿದವನು ಕತ್ತೆ ಎಂದು ಇನ್ನೊಬ್ಬ. ಇಬ್ಬರೂ ಜೀಪಿನ ಕೆಳಗೆ ಬಗ್ಗಿ ನೋಡಿದವರಲ್ಲ.

ಮೂರನೆಯದು ಸಿಲಿಕಾನ್ ಪೇಸ್ಟ್, ಮನೆಯಲ್ಲೇ ಹಚ್ಚಿಕೊಳ್ಳಲು ಮೆಕ್ಯಾನಿಕ್ ಕೊಟ್ಟದ್ದು. ಹಳೆಯದನ್ನೆಲ್ಲ ಕೆರೆದು, ಒರೆಸಿ, ಮುಚ್ಚಳದ ಸುತ್ತ ಬಳಿದು ಕೂರಿಸುವುದು. ಒಂದು ಹಗಲು ಒಂದು ರಾತ್ರಿ ಗಾಡಿ ಮುಟ್ಟಬೇಡ, ಪೇಸ್ಟ್ ಒಣಗಬೇಕು ಎಂದ ಮೆಕ್ಯಾನಿಕ್. ಮರುದಿನವೇ ಆಸ್ಪತ್ರೆಯ ಸರದಿ. ಜೀಪಿನವನು ಏನು ಮಾಡಿದ ಗೊತ್ತೇ? ಪೇಸ್ಟ್ ಒಣಗಲೆಂದು ಹೆಂಡತಿಯ ಸರದಿ ತಪ್ಪಿಸಿದ. ಆಕೆಯ ಕಾಲು ಊದಿತು, ಮುಖ ಊದಿತು, ಮಲಗಿದರೆ ಉಸಿರು ಸಿಗದು. ಅದರ ಮರುದಿನ ಎತ್ತಿ ಜೀಪಿನಲ್ಲಿ ಕೂರಿಸಿಕೊಂಡು ಹೊರಟ. ಹಳ್ಳ ದಾಟಿ ಪೇಟೆಯ ಹತ್ತಿರ ಬಂದು ಇಳಿದು ನೋಡುತ್ತಾನೆ, ಮುಚ್ಚಳದಿಂದ ಎಣ್ಣೆ ತೊಟ್ಟಿಕ್ಕುತ್ತಿದೆ! ಹೆಂಡತಿಯನ್ನು ಕೂರಿಸಿಕೊಂಡೇ ಮೆಕ್ಯಾನಿಕ್ ಮುಂದೆ ಗಾಡಿ ನಿಲ್ಲಿಸಿ ಕೂಗಾಡಿದ.

"ನಾಲ್ಕನೆಯದು ಯಾವುದಾದರೂ ಇದೆಯೇನ್ರೀ? ಅದನ್ನೂ ಹಾಕಿ!"

ಹೆಂಡತಿಗೆ ಮಾತಾಡಲು ತ್ರಾಣವಿರಲಿಲ್ಲ. ಆದರೂ ಜೀಪಿನೊಳಗಿಂದ ಹೇಳಿದಳು. "ಅಣ್ಣಾ, ಯಾವುದರಿಂದ ನಿಲ್ಲುತ್ತೆ ಅಂತ ಇವರು ಮೂರು ಸಲ ಕೇಳಿದ್ರು. ಎಣ್ಣೆ ಯಾಕೆ ಹೀಗೆ ನುಗ್ಗಿ ಬರುತ್ತೆ ಅಂತ ಒಂದು ಸಲ ನೀವಾದರೂ ನೋಡಿ."

ಮೆಕ್ಯಾನಿಕ್ ಮುಖ ಸಪ್ಪಗಾಯಿತು. ಮುಚ್ಚಳ ಬಿಟ್ಟು ಬೇರೇನನ್ನೂ ಅವನೂ ನೋಡಿರಲಿಲ್ಲ. ಈಗ ಗಾಡಿಯ ಕೆಳಗೆ ತೂರಿ ಮೇಲ್ಭಾಗಕ್ಕೆ ಕೈ ಹಾಕಿದ. ಆ ಕಬ್ಬಿಣದ ಹೊಟ್ಟೆಗೆ ಉಸಿರಾಡಲು ಸಣ್ಣ ನಳಿಗೆ ಒಂದಿರುತ್ತದೆ. ಅದರ ಬಾಯಿಗೆ ಯಾರೋ ಸೈಕಲ್ ಟ್ಯೂಬಿನ ತುಂಡು ಸುತ್ತಿ ತಂತಿಯಲ್ಲಿ ಬಿಗಿದಿದ್ದರು.

"ಅದು ನಾನೇ ಕಟ್ಟಿದ್ದು," ಎಂದ ಜೀಪಿನವನು, ಎದೆ ಮುಂದೆ ಮಾಡಿ. "ಹಳ್ಳ ದಾಟುವಾಗ ನೀರು ಒಳಗೆ ಹೋಗಬಾರದಲ್ಲ!"

ಮೆಕ್ಯಾನಿಕ್ ಸ್ಪ್ಯಾನರ್ ನೆಲಕ್ಕೆ ಎಸೆದ. "ಅಯ್ಯೋ ಪುಣ್ಯಾತ್ಮಾ! ಗಾಡಿ ಓಡಿದರೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತೆ. ಅದರ ದಾರಿಗೆ ನೀನೇ ಬಿರಡೆ ಹಾಕಿದೀಯ. ಅದು ಎಣ್ಣೆ ನೂಕಿಕೊಂಡು ಸಂದಿಯಿಂದಲೇ ಬರುತ್ತೆ. ಕಾಗದ ಏನು ಮಾಡುತ್ತೆ, ಪೇಸ್ಟ್ ಏನು ಮಾಡುತ್ತೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆವಲ್ಲೋ ಇಬ್ಬರೂ!"

ಟ್ಯೂಬ್ ಕಿತ್ತು ಹಾಕಿದರು. ನಳಿಗೆಗೆ ಉದ್ದದ ಪೈಪು ಜೋಡಿಸಿ, ನೀರು ಮುಟ್ಟದಷ್ಟು ಮೇಲೆ ಕಟ್ಟಿದರು. ಕಡಿಮೆಯಾದ ಎಣ್ಣೆ ತುಂಬಿದರು. ಹೆಂಡತಿ ಅವತ್ತೇ ಆಸ್ಪತ್ರೆ ಸೇರಿದಳು, ಬದುಕಿದಳು. ಆಮೇಲೆ ಮುಚ್ಚಳಕ್ಕೆ ಹಾಕಿದ್ದು ಮತ್ತೆ ಅದೇ ಮೊದಲಿನ ಕಾಗದದ ಪ್ಯಾಕಿಂಗ್. ಇವತ್ತಿಗೂ ಸೋರಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧ ಕೈಮುಗಿದ.

"ಹಾಗಾದರೆ ಬುದ್ಧಿ, ನಾನು ಮತ್ತೆ ಮೊದಲಿನ ಮೌನವನ್ನೇ ಹಿಡಿಯಲೇ?"

ಗುರುಗಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಆಮೇಲೆ ಕೈ ಇಳಿಸಿ, ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು.

"ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ, ಯಾರಾದರೂ ನಿಮ್ಮವ್ವನ ಸುದ್ದಿ ಎತ್ತಿದ ಕೂಡಲೇ ಎದ್ದು ಹೋಗುತ್ತೀಯಲ್ಲ, ಯಾಕಪ್ಪಾ?"

ಗುರುಸಿದ್ಧ ತಲೆ ತಗ್ಗಿಸಿದ. ಈ ಸಲ ಅವನು ಎದ್ದು ಹೋಗಲಿಲ್ಲ.