ಟಗರಟ್ಟಿದ ಗುಡ್ಡ

ಬಯಲುಸೀಮೆಯ ನಡುವೆ ಒಮ್ಮೆಲೇ ಎದ್ದು ನಿಂತಿರುವ ಟಗರಟ್ಟಿದ ಗುಡ್ಡದ ನೆತ್ತಿಯಲ್ಲಿ ಮರ ಕಡಿಮೆ, ಗಾಳಿ ಹೆಚ್ಚು. ಟೋಪಿ ಹಾಕಿಕೊಂಡು ಹತ್ತಿದವರು ಬರಿದಲೆಯಲ್ಲಿ ಇಳಿಯುತ್ತಾರೆ. ಮೂಡಲಿಗೆ ಒಂದು ಜಿಲ್ಲೆ, ಪಡುವಲಿಗೆ ಇನ್ನೊಂದು. ಹೆಸರು ಕೇಳಿ, ಅಟ್ಟುವುದೆಂದರೆ ಅಡುವುದು ಎಂದುಕೊಂಡು, ಬಾಡೂಟದ ಜಾಗವಿರಬೇಕೆಂದು ಪೇಟೆಯವರು ಎಲೆ ಹಿಡಿದು ಬಂದದ್ದೂ ಉಂಟು. ಕಥೆ ಬೇರೆಯೇ ಇದೆ.

ಹಿಂದೆ ಒಮ್ಮೆ ಮೂಡಲ ಇಳಿಜಾರಿನ ಕುರಿಹಟ್ಟಿಯಲ್ಲಿ ದ್ಯಾವಕ್ಕ ಎಂಬ ವಿಧವೆ ಇದ್ದಳಂತೆ. ನೆತ್ತಿಯ ಬಂಡೆಯಲ್ಲಿ ಬೇಸಿಗೆಯಲ್ಲೂ ಬತ್ತದ ನೀರಿನ ದೊಣೆಯೊಂದಿತ್ತು. ಹಟ್ಟಿಯ ಮಂದೆಗೆಲ್ಲ ಅದೇ ಜೀವ. ಅದು ತಮ್ಮದೆಂದು ಪಡುವಲ ಬಿದರಳ್ಳಿ ನಾಡಿನವರು ತಗಾದೆ ತೆಗೆದರು. ಎರಡೂ ನಾಡಿನ ಗೌಡರು ಕೂಡಿ, ಗಡಿ ನಡೆಸುವುದೆಂದು ತೀರ್ಮಾನಿಸಿದರು. ಆಗಿನ ಕಟ್ಟಳೆ ಹೀಗಿತ್ತು: ಗಡಿ ನಡೆಯುವವನು ಕುರಿಯ ಹಸಿದೊಗಲು ಹೊದ್ದು, ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ಹೊರಡಬೇಕು, ಅವನ ಹೆಜ್ಜೆ ಬಿದ್ದಲ್ಲೆಲ್ಲ ಕಲ್ಲು ನೆಡಬೇಕು. ಹೆಂಟೆ ಬಿದ್ದರೆ ನಡಿಗೆ ಸುಳ್ಳು. ಅವನಿಗೆ ಯಾರೂ ಅಡ್ಡ ಹೋಗುವಂತಿಲ್ಲ, ಅವನನ್ನು ಮಾತಾಡಿಸುವಂತಿಲ್ಲ.

ಊರಿನ ಗಡಿಗಳನ್ನು ಬಲ್ಲ ಬಿದರಳ್ಳಿಯ ಕುಳವಾಡಿ ಬೊಮ್ಮಯ್ಯ ಹೊರಟ. ಹಿರಿಯರಿಂದ ಕೇಳಿದ ದಾರಿ ದೊಣೆಯ ಮೂಡಲಿಗೆ, ನೇರವಾಗಿ ಶಿಖರಕ್ಕಿತ್ತು. ಹಾಗೇ ಹೋದರೆ ದೊಣೆ ಬಿದರಳ್ಳಿಯ ಪಾಲು. ಮಂದೆಯ ನಡುವೆ ನಿಂತು ದ್ಯಾವಕ್ಕ ನೋಡುತ್ತಿದ್ದಳು. ನಾಳೆಯಿಂದ ಈ ಮೂಕ ಜೀವಗಳಿಗೆ ಎಲ್ಲಿಂದ ನೀರು ತರಲಿ ಎಂದು ಯೋಚಿಸುತ್ತಿರುವಾಗಲೇ ಕೈಯಲ್ಲಿದ್ದ ಟಗರಿನ ಹಗ್ಗ ಜಗ್ಗಿತು. ಎರಡು ಕಾಲಿನ ಹೊಸ ಟಗರೊಂದು ತನ್ನ ಮಂದೆಯತ್ತ ಬರುತ್ತಿದೆಯೆಂದು ಅವಳ ಟಗರು ತಿಳಿದಿತ್ತು. ಹಗ್ಗ ಬಿಗಿ ಹಿಡಿಯಬಹುದಿತ್ತು. ಅವಳು ಹಿಡಿಯಲಿಲ್ಲ.

ಕಟ್ಟಳೆಯನ್ನು ಟಗರಿಗೆ ಯಾರೂ ಹೇಳಿರಲಿಲ್ಲ. ಅದು ಮೂಡಲಿಂದ ನುಗ್ಗಿ ಅಟ್ಟಿತು, ಬೊಮ್ಮಯ್ಯ ಪಡುವಲಿಗೆ ಓಡಿದ. ಎರಡೂ ಕೈಯಲ್ಲಿ ಹೆಂಟೆ ಅದುಮಿಕೊಂಡು, ದೊಣೆಯ ಪಡುವಲ ಬದಿಯನ್ನು ಬಳಸಿಕೊಂಡು, ಅಲ್ಲಿಂದ ಎದ್ದುಬಿದ್ದು ಶಿಖರ ಮುಟ್ಟಿದ. ದೊಣೆ ಹಟ್ಟಿಯ ಕಡೆಗೇ ಉಳಿಯಿತು. ಹಿಂದೆ ಗೌಡರು, ಅವರ ಹಿಂದೆ ಕಲ್ಲು ಹೊತ್ತವರು. ಮಾತಾಡಿಸುವ ಹಾಗಿಲ್ಲವಲ್ಲ, ಎಲ್ಲರೂ ಬಾಯಿಗೆ ಪಂಚೆ ತುರುಕಿಕೊಂಡು ನಗು ತಡೆದರಂತೆ.

ನಡಿಗೆ ಮುಗಿದದ್ದೇ ಬಿದರಳ್ಳಿ ಗೌಡ ಕಿಡಿಕಿಡಿಯಾದ. "ಇದೇನೋ ಗಡಿಯೋ, ಕೋಲಾಟವೋ? ಹೆಂಟೆ ಬಿತ್ತು ಅಂತ ಹೇಳಿಬಿಡೋ ಬೊಮ್ಮ."

"ಹೆಂಟೆ ತಲೆ ಮೇಲೇ ಅದೆ ಗೌಡ್ರೆ," ಎಂದ ಬೊಮ್ಮಯ್ಯ ಏದುಸಿರು ಬಿಡುತ್ತಾ. "ಬಿದ್ದದ್ದು ನನ್ನ ಪಂಚೆ. ಅದಕ್ಕೂ ಒಂದು ಕಲ್ಲು ನೆಡಿಸ್ತೀರಾ?"

ಗುಡ್ಡವೇ ನಕ್ಕಿತು, ಕೊನೆಗೆ ಗೌಡನೂ ನಕ್ಕ. ದ್ಯಾವಕ್ಕ ಮಾತ್ರ ನಗಲಿಲ್ಲ. ತನ್ನ ಕಂಬಳಿಯನ್ನು ತಂದು, ಮುಖ ಆಚೆ ತಿರುಗಿಸಿ ನೀಡಿದಳು. "ಹಗ್ಗ ಬಿಟ್ಟೋಳು ನಾನೇ. ಉಟ್ಕೊಳಣ್ಣ. ನಿಮ್ಮೂರ ಕುರಿ ಬಂದ್ರೆ ನೀರಿಲ್ಲ ಅನ್ನಲ್ಲ."

"ಹಂಗಾದ್ರೆ ಟಗರನ್ನ ಕಟ್ಟಾಕು ತಾಯಿ," ಎಂದ ಬೊಮ್ಮಯ್ಯ.

ಪಾಳೆಯಗಾರರು ಹೋದರು, ಅರಸರ ಅಮಲ್ದಾರರು ಬಂದರು. ಸರಪಳಿ ಹಿಡಿದು ಬಂದ ಬಿಳಿಯ ಸರ್ವೆಯವರು ಇಲ್ಲಿ ಗಡಿ ಯಾಕೆ ಸೊಟ್ಟಗಿದೆಯೆಂದು ತಲೆ ಕೆರೆದುಕೊಂಡು, ಸೊಟ್ಟಗೇ ಬರೆದುಕೊಂಡರು ಎನ್ನುತ್ತಾರೆ. ತಾಲ್ಲೂಕು ಒಡೆದು ಜಿಲ್ಲೆ ಮಾಡಿದವರೂ ಆ ಕಲ್ಲುಗಳನ್ನು ಅಲುಗಿಸಲಿಲ್ಲ. ಇಂದಿಗೂ ಅವು ದೊಣೆಯನ್ನು ತಂಬಿಗೆಯ ಹೊಟ್ಟೆಯಂತೆ ಬಳಸಿ ನಿಂತಿವೆ. ಮಧ್ಯಾಹ್ನ ಹತ್ತಿದರೆ ಎರಡೂ ಜಿಲ್ಲೆಯ ಕುರಿಗಳು ಒಂದೇ ಅಂಚಿಗೆ ಮೂತಿಯಿಟ್ಟು ಕುಡಿಯುವುದನ್ನು, ಕುಡಿದಾದ ಮೇಲೆ ಗಡಿಕಲ್ಲಿಗೆ ಬೆನ್ನು ತಿಕ್ಕುವುದನ್ನು ನೋಡಬಹುದು.